ಮೆಡಿಕಲ್ ಡಿವೈಸ್ ಆರ್ ಅಂಡ್ ಡಿ (ಸಂಶೋಧನೆ ಮತ್ತು ಅಭಿವೃದ್ಧಿ) ಯಾವಾಗಲೂ ತಡ ಯಾಕೆ? ಎಂಜಿನಿಯರ್‌ಗಳನ್ನು ಹೆಚ್ಚಿಸಿದರೆ ಬೇಗ ಮುಗಿಯುತ್ತಾ?

ನಾನೂ ಇದೇ ಕೆಲಸದಲ್ಲಿದ್ದೇನೆ. ಜನ ಸಾಲದೆ ತಡವಾದ ಪ್ರಾಜೆಕ್ಟ್‌ಗಳನ್ನು ನಾನು ಕಂಡದ್ದು ಕಡಿಮೆ. ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿ ತಿಂಗಳುಗಳು ಹೋಗುತ್ತವೆ.

ಔಷಧವನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಡುವ ಇನ್ಫ್ಯೂಷನ್ ಪಂಪ್ ತಗೊಳ್ಳಿ. ‘ಅಲಾರಂ ಜೋರಾಗಿ ಕೇಳಬೇಕು’ ಅಂತ ಶುರುವಿನಲ್ಲಿ ಬರೆದುಕೊಂಡಿರುತ್ತಾರೆ. ಜೋರು ಅಂದರೆ ಎಷ್ಟು ಡೆಸಿಬಲ್? ಎಷ್ಟು ದೂರಕ್ಕೆ? ಅದನ್ನು ಯಾರೂ ಕೇಳಿರುವುದಿಲ್ಲ. ಕೊನೆಯಲ್ಲಿ ನರ್ಸ್‌ಗಳ ಕೈಗೆ ಕೊಟ್ಟಾಗ ವಾರ್ಡಿನ ಗದ್ದಲದಲ್ಲಿ ಅಲಾರಂ ಕೇಳುವುದೇ ಇಲ್ಲ. ಆಗ ಸ್ಪೀಕರ್ ಬದಲಾಗಬೇಕು. ಅದಕ್ಕೆ ತಕ್ಕಂತೆ ಹೊರಕವಚ, ಬ್ಯಾಟರಿ ಲೆಕ್ಕ ಎರಡೂ ಬದಲಾಗಬೇಕು. ವಿದ್ಯುತ್‌ನಿಂದ ನಡೆಯುವ ವೈದ್ಯಕೀಯ ಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60601ರ ಸುರಕ್ಷತಾ ಪರೀಕ್ಷೆಗಳಲ್ಲಿ ಕೆಲವನ್ನಾದರೂ ಮತ್ತೆ ಮಾಡಿಸಬೇಕು. ಒಂದು ಸಾಲು ಸರಿಯಾಗಿ ಬರೆಯದ್ದಕ್ಕೆ ಇಷ್ಟೆಲ್ಲಾ!

ಕೆಲವು ಪರೀಕ್ಷೆಗಳಿಗಂತೂ ಎಷ್ಟು ಜನ ಸೇರಿದರೂ ಅಷ್ಟೇ ದಿನ ಬೇಕು. ಸ್ಟೆರೈಲ್ ಪ್ಯಾಕ್ (ಒಳಗೆ ಸೂಕ್ಷ್ಮಾಣುಗಳಿಲ್ಲದಂತೆ ಮುಚ್ಚಿದ ಪ್ಯಾಕ್) ಎಷ್ಟು ವರ್ಷ ಬಾಳುತ್ತದೆ ಅಂತ ತೋರಿಸಲು ಅದನ್ನು ಬಿಸಿ ಕೋಣೆಯಲ್ಲಿಟ್ಟು ಬೇಗ ಹಳತಾಗಿಸುತ್ತಾರೆ. ಪ್ರತಿ 10 ಡಿಗ್ರಿಗೆ ವೇಗ ದುಪ್ಪಟ್ಟು ಅಂತ ಹಿಡಿದರೆ, 25 ಡಿಗ್ರಿಯಲ್ಲಿ ಕಳೆಯುವ ಒಂದು ವರ್ಷ 55 ಡಿಗ್ರಿಯಲ್ಲಿ ಸುಮಾರು 46 ದಿನಕ್ಕೆ ಸಮ. ಮೂರು ವರ್ಷದ ಬಾಳಿಕೆಗೆ ಸುಮಾರು 137 ದಿನ. ನೂರು ಎಂಜಿನಿಯರ್‌ಗಳನ್ನು ತಂದರೂ ಇದು 136 ಆಗುವುದಿಲ್ಲ. ಮಧ್ಯದಲ್ಲಿ ಪ್ಯಾಕಿನ ಫಿಲ್ಮ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಎಣಿಕೆ. ಹಾಗಾಗಿ ಮೆಟೀರಿಯಲ್, ಅಂಟು, ಪ್ಯಾಕಿಂಗ್ ಇವನ್ನು ಎಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಸಾಫ್ಟ್‌ವೇರ್ ಸ್ಕ್ರೀನಿನ ಬಣ್ಣ ಆಮೇಲೆ ನೋಡಬಹುದು.

ಕಾಗದಪತ್ರ ಜಾಸ್ತಿ, ಅದಕ್ಕೇ ತಡ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಮಾನದಂಡವಾದ ಐಎಸ್‌ಒ 14971ರ ಪ್ರಕಾರ ಅಪಾಯಗಳ ಪಟ್ಟಿಯನ್ನು ಮೊದಲೇ ಕೂತು ಮಾಡಿದರೆ ಡಿಸೈನಿನ ತಪ್ಪು ಡ್ರಾಯಿಂಗ್ ಹಂತದಲ್ಲೇ ಸಿಗುತ್ತದೆ. ಆಡಿಟ್ ಹತ್ತಿರ ಬಂದಾಗ ಬರೆದರೆ ಸುಮ್ನೆ ಫೈಲ್ ದಪ್ಪವಾಗುತ್ತದೆ, ಅಷ್ಟೇ.

ನಿಮ್ಮ ಟೀಮಿನ ದಕ್ಷತೆ ಅಳೆಯಬೇಕೆಂದರೆ ಪೇಟೆಂಟ್ ಎಣಿಸಬೇಡಿ. ಡಿಸೈನ್ ಫ್ರೀಜ್ ಆದ ಮೇಲೆ, ಅಂದರೆ ‘ಇನ್ನು ಬದಲಿಸುವುದಿಲ್ಲ’ ಅಂತ ಗಟ್ಟಿ ಮಾಡಿಕೊಂಡ ಮೇಲೆ, ಎಷ್ಟು ಬದಲಾವಣೆ ಆಯಿತು, ಪ್ರತಿಯೊಂದಕ್ಕೂ ಕಾರಣ ಏನು ಅಂತ ಬರೆದಿಡಿ. ಬಳಸುವವರನ್ನು ಮೊದಲೇ ಕೇಳಿದ್ದರೆ ತಪ್ಪುತ್ತಿತ್ತು ಅನ್ನುವಂಥವೇ ಅದರಲ್ಲಿ ಜಾಸ್ತಿ ಇದ್ದರೆ, ಹೊಸಬರನ್ನು ತಗೊಳ್ಳುವಾಗ ಇನ್ನೊಬ್ಬ ಸರ್ಕ್ಯೂಟ್ ಎಂಜಿನಿಯರ್ ಬೇಡ. ಆಸ್ಪತ್ರೆಯಲ್ಲಿ ನಿಂತು ಸಾಧನ ಬಳಸಿ ಗೊತ್ತಿರುವ ಒಬ್ಬರನ್ನು ತಗೊಳ್ಳಿ, ಮೊದಲ ಪ್ರೊಟೊಟೈಪ್ ಅವರ ಕೈಗೇ ಕೊಡಿ.