ಓದಿದ್ದು ತಲೇಲಿ ನಿಲ್ಬೇಕು ಅಂದ್ರೆ ಮೊದ್ಲು ಮಲಗು

ಈ ಸಲ ಒಂದೇ ಪತ್ರಕ್ಕೆ ಉದ್ದವಾಗಿ ಉತ್ತರ ಬರೀತಿದೀನಿ, ಉಳಿದವರು ಬೇಜಾರು ಮಾಡ್ಕೋಬೇಡಿ. ಬರೆದಿರೋದು ಹೊಸನಗರ ಕಡೆಯ ಹುಡುಗಿ, ಶಿವಮೊಗ್ಗದಲ್ಲಿ ಹಾಸ್ಟೆಲಲ್ಲಿದ್ದು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ ಓದ್ತಿದಾಳೆ, ಹೆಸರು ಬೇಡ ಅಂದಿದಾಳೆ. ಪತ್ರದ ಮುಖ್ಯ ಭಾಗ ಇದು:

"ಅಕ್ಕಾ, ಬೆಳಗ್ಗೆ ಆರಕ್ಕೆ ಎದ್ದು ಆಸ್ಪತ್ರೆ ಪೋಸ್ಟಿಂಗ್‌ಗೆ ಹೋಗ್ತೀನಿ, ಮಧ್ಯಾಹ್ನ ಬಂದು ಕ್ಲಾಸು, ಆಮೇಲೆ ಕೇರ್ ಪ್ಲಾನ್ (ಪೇಷಂಟಿಗೆ ಏನೇನು ಆರೈಕೆ ಅನ್ನೋದು) ಬರೆಯೋದು, ಊಟ. ಹತ್ತೂವರೆಗೆ ಫೋನ್ ಹಿಡಿದ್ರೆ ರೀಲ್ಸ್ ನೋಡ್ತಾ ನೋಡ್ತಾ ಒಂದೂವರೆ ಎರಡಾಗತ್ತೆ. ಇಡೀ ದಿನದಲ್ಲಿ ನಂದು ಅಂತ ಸಿಗೋ ಟೈಮ್ ಅದೊಂದೇ. ಕಡಿಮೆ ನಿದ್ದೆ ಅಭ್ಯಾಸ ಆಗಿಹೋಗಿದೆ, ತೊಂದ್ರೆ ಏನಿಲ್ಲ. ಆದ್ರೆ ಫಾರ್ಮಕಾಲಜಿ (ಔಷಧಗಳ ಪಾಠ) ಎಷ್ಟು ಓದಿದ್ರೂ ವೈವಾದಲ್ಲಿ, ಬಾಯಿಮಾತಿನ ಪರೀಕ್ಷೇಲಿ, ಒಂದೂ ನೆನಪಾಗಲ್ಲ. ಮೊನ್ನೆ ವಾರ್ಡಲ್ಲಿ ಇನ್‌ಚಾರ್ಜ್ ಸಿಸ್ಟರ್ ಡ್ರಿಪ್ ರೇಟ್, ಅಂದ್ರೆ ನಿಮಿಷಕ್ಕೆ ಎಷ್ಟು ಹನಿ ಅಂತ, ಕೇಳಿದ್ರು, ಗೊತ್ತಿದ್ದ ಲೆಕ್ಕಾನೇ ಬರ್ಲಿಲ್ಲ. ಅಮ್ಮ ಫೋನ್ ಕಿತ್ಕೊಂಡು ಕೀಪ್ಯಾಡ್ ಸೆಟ್ ಕೊಡ್ಸ್ತೀನಿ ಅಂತಾರೆ. ನಂಗೆ ಓದು ತಲೆಗೆ ಹತ್ತಲ್ವೇನೋ, ನರ್ಸಿಂಗ್ ಬಿಟ್ಬಿಡ್ಲಾ? ಮುಂದಿನ ತಿಂಗಳು ಮೊದಲ್ನೇ ಸಲ ನೈಟ್ ಪೋಸ್ಟಿಂಗ್ ಬೇರೆ ಇದೆ."

ತಂಗೀ, ಬಿಡ್ಬೇಡ. ನಿನ್ನ ತಲೆಗೆ ಏನೂ ಆಗಿಲ್ಲ. ಎರಡು ಗಂಟೆಗೆ ಮಲಗಿ ಆರಕ್ಕೆ ಎದ್ರೆ ನಾಲ್ಕು ಗಂಟೆ ನಿದ್ದೆ, ನಿನ್ನ ವಯಸ್ಸಿಗೆ ಬೇಕಿರೋದು 7ರಿಂದ 9 ಗಂಟೆ. ಅರ್ಧದಷ್ಟು ನಿದ್ದೇನ ದಿನಾ ಕತ್ತರಿಸಿ ಹಾಕ್ತಾ ಓದಿದ್ದು ನಿಲ್ತಿಲ್ಲ ಅಂತ ನಿನ್ನನ್ನೇ ಬೈಕೊಂಡ್ರೆ ಹೇಗೆ? ಓದೋದು ಬೇರೆ ಮಲಗೋದು ಬೇರೆ ಅಂತ ನಾವೆಲ್ಲ ಅಂದ್ಕೊಂಡು ಬೆಳೆದಿದೀವಿ, ನಿದ್ದೆಗೆಟ್ಟು ಓದಿದ ಮಕ್ಕಳನ್ನ ಹೊಗಳಿದೀವಿ ಕೂಡ. ಆದ್ರೆ ನಿದ್ದೆ ಓದಿನದ್ದೇ ಅರ್ಧ ಕೆಲಸ, ನಾನು ಇವತ್ತು ಹೇಳ್ಬೇಕು ಅಂತಿರೋದು ಇದೊಂದೇ.

ಅನಾಟಮೀಲಿ ಹಿಪ್ಪೋಕ್ಯಾಂಪಸ್ ಅನ್ನೋ ಮೆದುಳಿನ ಒಳಗಿನ ಭಾಗದ ಬಗ್ಗೆ ಓದಿರ್ತೀಯ. ಹಗಲಲ್ಲಿ ಓದಿದ್ದು, ವಾರ್ಡಲ್ಲಿ ನೋಡಿದ್ದು ಮೊದ್ಲು ಅಲ್ಲಿ ತಾತ್ಕಾಲಿಕವಾಗಿ ಕೂತಿರತ್ತೆ. ನೀನು ಗಾಢ ನಿದ್ದೆಗೆ ಹೋದಾಗ ಮೆದುಳು ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡಿ, ಕಾರ್ಟೆಕ್ಸ್ ಅನ್ನೋ ಹೊರಪದರದಲ್ಲಿ ಹಳೇ ನೆನಪುಗಳ ಜೊತೆ ಸೇರಿಸಿ ಗಟ್ಟಿ ಮಾಡತ್ತೆ. ನಿಮ್ಮನೇಲಿ ಅಡಿಕೆ ಇದ್ರೆ ಬೇಗ ಅರ್ಥ ಆಗತ್ತೆ, ಕೊನೆ ಇಳಿಸಿ ಸುಲಿದು ಬೇಯಿಸಿದ್ರೆ ಮುಗೀತಾ, ಚಪ್ಪರದ ಮೇಲೆ ಹರವಿ ಒಣಗಿಸದೆ ರಾಶಿ ಹಾಕಿಟ್ರೆ ಬೂಷ್ಟು ಹಿಡಿದು ಅಷ್ಟೂ ಕೆಲಸ ದಂಡ. ನೀನು ದಿನಾ ಕೊಯ್ತಿದೀಯ, ಒಣಗ್ಸ್ತಿಲ್ಲ ಅಷ್ಟೇ.

ಇದೇನು ಹೊಸಾ ಸಂಗತಿ ಅಲ್ಲ. 1924ರಲ್ಲೇ ಅಮೆರಿಕದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನೋರು ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರದ ತುಣುಕುಗಳನ್ನ ಬಾಯಿಪಾಠ ಮಾಡಿಸಿ, ಕೆಲವು ಸಲ ಮಲಗಿಸಿ, ಕೆಲವು ಸಲ ಎಚ್ಚರ ಇಟ್ಟು ಆಮೇಲೆ ಕೇಳಿ ನೋಡಿದ್ರು. ಮಲಗಿ ಎದ್ದಾಗ ನೆನಪಲ್ಲಿ ಉಳಿದಿದ್ದು ಎಷ್ಟೋ ಹೆಚ್ಚು. ಕೈಕೆಲಸಕ್ಕೂ ಇದೇ ಮಾತು, ಬೆರಳಲ್ಲಿ ಒಂದು ಕ್ರಮದಲ್ಲಿ ಕೀ ಒತ್ತೋದನ್ನ ಕಲಿಸಿ ನೋಡಿದ 2002ರ ಪ್ರಯೋಗದಲ್ಲಿ ಒಂದು ರಾತ್ರಿ ನಿದ್ದೆ ಆದ್ಮೇಲೆ, ಮತ್ತೆ ಅಭ್ಯಾಸ ಮಾಡದೇನೆ, ವೇಗ ಹೆಚ್ಚಾಗಿತ್ತು, ಅದೂ ಬೆಳಗಿನ ಜಾವದ ಕಡೆಯ ನಿದ್ದೆಗೆ ಹೆಚ್ಚು ಸಂಬಂಧ ಕಾಣಿಸ್ತು. ನೀನು ಇಂಜೆಕ್ಷನ್ ಕೊಡೋದು, ರಕ್ತನಾಳಕ್ಕೆ ಕ್ಯಾನುಲಾ ಹಾಕೋದು, ಬ್ಯಾಂಡೇಜ್ ಸುತ್ತೋದು ಎಲ್ಲ ಕೈಗೆ ಬರ್ಬೇಕಾದ ವಿದ್ಯೆಗಳೇ ಅಲ್ವಾ.

"ಅಭ್ಯಾಸ ಆಗಿಹೋಗಿದೆ, ತೊಂದ್ರೆ ಏನಿಲ್ಲ" ಅಂತ ಬರ್ದಿದೀಯಲ್ಲ, ಪತ್ರದಲ್ಲಿ ನಂಗೆ ಜಾಸ್ತಿ ಭಯ ಆಗಿದ್ದು ಆ ಸಾಲಿಗೇ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನ 14 ದಿನ ಕಡಿಮೆ ಮಲಗಿಸಿ ನೋಡಿದ್ರು. ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ, ಆ ಕ್ಷಣಕ್ಕೆ ಬೇಕಾದ್ದನ್ನ ತಲೇಲಿ ಹಿಡ್ಕೊಳ್ಳೋ ಶಕ್ತಿ ದಿನದಿಂದ ದಿನಕ್ಕೆ ಇಳೀತಾ ಹೋಗಿ ಕೊನೆಗೆ ಎರಡು ರಾತ್ರಿ ಪೂರ್ತಿ ಎದ್ದಿದ್ದವರ ಮಟ್ಟದವರೆಗೂ ಬಂತು. ಆದ್ರೆ ಅವರಿಗೆ ಅದು ಅಷ್ಟಾಗಿ ಗೊತ್ತೇ ಆಗ್ತಿರ್ಲಿಲ್ಲ. ಸ್ವಲ್ಪ ನಿದ್ದೆ ಬರ್ತಿದೆ ಅಷ್ಟೇ, ಅಡ್ಜಸ್ಟ್ ಆಗಿದೀನಿ ಅನ್ನೋ ಥರ ಇದ್ರು. ಅಂದ್ರೆ ನಿದ್ದೆ ಕಡಿಮೆ ಆದಾಗ ಮೊದ್ಲು ಕೈಕೊಡೋದು ನಾವು ಸರಿ ಇದೀವಾ ಇಲ್ವಾ ಅಂತ ಅಳೆಯೋ ಶಕ್ತೀನೇ, ಹಾಗಾಗಿ ಈ ವಿಷಯದಲ್ಲಿ ನಿನ್ನ ಅನಿಸಿಕೆ ನಂಬ್ಬೇಡ, ಗಡಿಯಾರ ನಂಬು.

ಬೇರೆ ಓದಿಗೆ ಇದು ಬರೀ ಮಾರ್ಕ್ಸ್ ವಿಷಯ ಆಗಿರ್ಬಹುದು, ನಿಂಗೆ ಹಾಗಲ್ಲ. ಸಿಸ್ಟರ್ ಕೇಳಿದ ಲೆಕ್ಕಾನೇ ತಗೋ, 500 ಎಂಎಲ್ ಬಾಟ್ಲು 4 ಗಂಟೇಲಿ ಹೋಗ್ಬೇಕು, ಡ್ರಿಪ್ ಹಾಕೋ ಟ್ಯೂಬಿನ ಸೆಟ್ಟು ಎಂಎಲ್‌ಗೆ 20 ಹನಿದು ಅಂದ್ರೆ 500ನ್ನ 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದ್ರೆ ನಿಮಿಷಕ್ಕೆ ಸುಮಾರು 42 ಹನಿ. ಹೈಸ್ಕೂಲ್ ಲೆಕ್ಕ, ನಿಂಗೆ ಬರತ್ತೆ, ನಿದ್ದೆಗೆಟ್ಟ ತಲೇಲಿ ಮಾತ್ರ ಎಂಎಲ್‌ಗೆ 60 ಹನಿ ಬೀಳೋ ಮೈಕ್ರೋ ಸೆಟ್ಟಿನ ನಂಬರು ಬಂದು ಅಡ್ಡ ಕೂರತ್ತೆ. ಇನ್ಸುಲಿನ್ ಇನ್ನೂ ಭಯ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್ಟಿನ ವಯಲ್ಲೂ (ಔಷಧದ ಚಿಕ್ಕ ಬಾಟ್ಲು) ಇದೆ, 100 ಯೂನಿಟ್ಟಿಂದೂ ಇದೆ, 40ರ ಸಿರಿಂಜಿಗೆ ಕೆಂಪು ಕ್ಯಾಪು, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನ ಕೆಂಪು ಕ್ಯಾಪಿನ ಸಿರಿಂಜಲ್ಲಿ ಅದೇ ಗೆರೆವರೆಗೆ ಎಳೆದ್ರೆ ಪೇಷಂಟಿಗೆ ಹೋಗೋದು ಎರಡೂವರೆ ಪಟ್ಟು ಡೋಸು. ಸರಿಯಾದ ಪೇಷಂಟು, ಸರಿಯಾದ ಔಷಧ, ಡೋಸು, ಕೊಡೋ ದಾರಿ, ಸಮಯ ಅಂತ ಐದನ್ನೂ ನಿಮಗೆ ಬಾಯಿಪಾಠ ಮಾಡಿಸಿರ್ತಾರೆ, ಆದ್ರೆ ಬಾಯಿಗೆ ಬಂದಿದ್ದು ಆ ಕ್ಷಣದಲ್ಲಿ ಕಣ್ಣಿಗೂ ಬರ್ಬೇಕಲ್ಲ. ಓದು ಮುಗಿಸಿ ಊರ ಕಡೆ ಪಿಎಚ್‌ಸೀಲೇ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೆಲಸ ಮಾಡೋ ಆಸೆ ಅಂತಾನೂ ಬರ್ದಿದೀಯ, ಓದಿ ಖುಷಿಯಾಯ್ತು. ಅಲ್ಲೂ ನೆನಪು ಚುರುಕಿರ್ಬೇಕು. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಜ್ವರ ಇಳಿದು ಹುಷಾರಾದ ಅಂದ್ಕೊಂಡವರಲ್ಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬಂದು ತಲೆನೋವು, ನಡುಕ, ಮಂಪರು ಶುರುವಾಗತ್ತೆ. ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ, ಮೊದ್ಲು ಯಾವಾಗ ಜ್ವರ ಬಂದಿತ್ತು ಅಂತ ನೆನಪಿಟ್ಟು ಕೇಳೋ ನರ್ಸ್ ಒಬ್ಳು ಅಲ್ಲಿದ್ರೆ ಅದು ಒಂದು ಊರಿಗೇ ದೊಡ್ಡ ಆಸ್ತಿ.

ಈಗ ಫೋನ್ ವಿಷಯ. ಸ್ಕ್ರೀನ್ ಬೆಳಕಿಂದ ನಿದ್ದೆ ಹೋಗತ್ತೆ ಅಂತ ಎಲ್ರೂ ಹೇಳ್ತಾರೆ, ಸುಳ್ಳಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐದು ರಾತ್ರಿ ಮಲಗೋ ಮುಂಚೆ ನಾಲ್ಕು ಗಂಟೆ ಸ್ಕ್ರೀನಲ್ಲಿ ಪುಸ್ತಕ ಓದಿಸಿದಾಗ ನಿದ್ದೆಯ ಹೊತ್ತಾಯ್ತು ಅಂತ ಮೈಗೆ ಹೇಳೋ ಮೆಲಟೋನಿನ್ ಹಾರ್ಮೋನ್ ಏರೋದು ಸುಮಾರು ಒಂದೂವರೆ ಗಂಟೆ ತಡ ಆಗಿತ್ತು. ಆದ್ರೆ ನಿದ್ದೆ ಬರೋದು ತಡ ಆಗಿದ್ದು ಹತ್ತೇ ನಿಮಿಷ ಅಷ್ಟು. ನಿಂದು ಹತ್ತು ನಿಮಿಷದ ಕಥೆ ಅಲ್ಲ, ಮೂರು ಮೂರೂವರೆ ಗಂಟೆದು. ನನ್ನ ಪ್ರಕಾರ ಬೆಳಕಿಗಿಂತ ದೊಡ್ಡ ಕಾರಣ ರೀಲ್ಸಿಗೆ ಕೊನೆ ಅನ್ನೋದೇ ಇಲ್ದೆ ಇರೋದು, ಧಾರಾವಾಹಿ ಆದ್ರೂ ಅರ್ಧ ಗಂಟೆಗೆ ಮುಗೀತಿತ್ತು, ಇದು ಬೆರಳು ಎಳೆದಷ್ಟೂ ಬರತ್ತೆ, ಮುಂದಿಂದು ಚೆನ್ನಾಗಿರ್ಬಹುದು ಅನ್ನೋ ಆಸೇಲೇ ಎರಡು ಗಂಟೆ ಹೊಡೀತು ಅಂತ ಆಗತ್ತೆ. 2020ರ ಜೂನ್ ಕೊನೇಲಿ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ನಮ್ಮ ದೇಶಕ್ಕೆ ಬಂತು, ಆಗ ಹೈಸ್ಕೂಲಲ್ಲೋ ಅದಕ್ಕಿಂತ ಕೆಳಗೋ ಇದ್ದ ಮಕ್ಕಳು ನೀವು. ನೆಟ್‌ವರ್ಕ್ ಸಿಗ್ದೆ ಗುಡ್ಡ ಹತ್ತಿ, ಮಳೇಲಿ ಕೊಡೆ ಹಿಡ್ಕೊಂಡು ಆನ್‌ಲೈನ್ ಕ್ಲಾಸ್ ಕೇಳಿದ್ದು ನಮ್ಮ ಮಲೆನಾಡಿನ ಮಕ್ಕಳೇ. ಅಂಥಾ ಊರಿಂದ ಬಂದು ಹಾಸ್ಟೆಲಲ್ಲಿ ಮಲಗಿದ ಜಾಗದಲ್ಲೇ ಫುಲ್ ಸಿಗ್ನಲ್ ಸಿಕ್ಕಾಗ ಹೀಗಾಗೋದನ್ನ ನಾನು ಚಟ ಅಂತ ಬಯ್ಯಲ್ಲ.

ಅದಕ್ಕಿಂತ ಮುಖ್ಯ ನೀನು ಬರೆದ ಆ ಮಾತು, ನಂದು ಅಂತ ಸಿಗೋ ಟೈಮ್ ಅದೊಂದೇ ಅಂತ. ಬೆಳಗ್ಗೆಯಿಂದ ಸಿಸ್ಟರ್ ಹೇಳಿದ್ದು, ಮೇಡಂ ಹೇಳಿದ್ದು, ವಾರ್ಡನ್ ಹೇಳಿದ್ದು, ಮಧ್ಯೆ ನೋವಲ್ಲಿ ನರಳೋರನ್ನ ನೋಡಿ ಬಂದಿರ್ತೀಯ, ಯಾರಾದ್ರೂ ತೀರಿಹೋಗಿದ್ದನ್ನೂ ನೋಡಿರ್ಬಹುದು, ಅದನ್ನ ಯಾರ ಹತ್ರ ಹೇಳ್ಕೊಂಡೆ? ರಾತ್ರಿ ಆ ಮೂರು ಗಂಟೆ ನೀನು ಹುಡುಕ್ತಿರೋದು ಮನರಂಜನೆ ಅಂತ ನಂಗೆ ಅನ್ಸಲ್ಲ, ಸ್ವಲ್ಪ ಬಿಡುವು. ಅದಕ್ಕೇ ಫೋನ್ ಕಿತ್ಕೊಂಡ್ರೆ ಸರಿಹೋಗಲ್ಲ. ಅಮ್ಮನಿಗೂ ಇದನ್ನ ಓದಿ ಹೇಳು: ಡ್ಯೂಟಿ ರೋಸ್ಟರ್ ವಾಟ್ಸಾಪಲ್ಲಿ, ನೋಟ್ಸ್ ವಾಟ್ಸಾಪಲ್ಲಿ, ಸ್ಕಾಲರ್‌ಶಿಪ್ಪು ರಿಸಲ್ಟು ಎಲ್ಲಾ ಫೋನಲ್ಲೇ ಇರೋವಾಗ ಕೀಪ್ಯಾಡ್ ಸೆಟ್ ಕೊಟ್ರೆ ಮಗಳು ಕ್ಲಾಸಿಂದಾನೇ ಹೊರಗೆ ಉಳೀತಾಳೆ. ಫೋನ್ ಇರ್ಲಿ ಅಮ್ಮಾ, ಅವಳ ಹಾಸಿಗೇಲಿ ಬೇಡ ಅಷ್ಟೇ. ಮತ್ತೆ ನೀವು ಮಾತಾಡೋಕೆ ರಾತ್ರಿ ಹತ್ತರ ಬದ್ಲು ಏಳಕ್ಕೆ ಮಾಡಿ, ಮಾರ್ಕ್ಸ್ ಕೇಳೋ ಮೊದ್ಲು ವಾರ್ಡಲ್ಲಿ ಏನಾಯ್ತು ಅಂತ ಕೇಳಿ.

ತಂಗೀ, ಮಾಡೋದು ಹೀಗೆ. ಗಾಂಧಿ ಬಜಾರಿಗೆ ಹೋದಾಗ ಒಂದು ಸಾದಾ ಟೇಬಲ್ ಅಲಾರಂ ತಗೋ, ಅಲಾರಂಗೆ ಫೋನ್ ಬೇಕು ಅನ್ನೋ ನೆಪ ಹೋಗ್ಲಿ. ಚಾರ್ಜರ್ ಮಂಚದ ಹತ್ರ ಇಡ್ಬೇಡ, ಎದ್ದು ನಡ್ಕೊಂಡು ಹೋಗ್ಬೇಕಾದ ಜಾಗದಲ್ಲಿ ಹಾಕು, ರೂಮಲ್ಲಿರೋರೆಲ್ಲ ಒಂದೇ ಕಡೆ ಇಟ್ರೆ ಇನ್ನೂ ಒಳ್ಳೇದು, ಒಬ್ಳೇ ಮಾಡೋಕೆ ಹೋದ್ರೆ ಪಕ್ಕದ ಮಂಚದ ಬೆಳಕೇ ಎಳ್ಕೊಂಡು ಹೋಗತ್ತೆ. ರೀಲ್ಸ್ ಬಿಡು ಅಂತ ಹೇಳ್ತಿಲ್ಲ, ಸಂಜೆ ಕ್ಲಾಸ್ ಬಿಟ್ಟು ಬಂದ ತಕ್ಷಣ ಒಂದು ಗಂಟೆ ನಿಂದು ಅಂತ ಇಟ್ಕೋ, ಆಗ ರೀಲ್ಸಾದ್ರೂ ನೋಡು, ಸುಮ್ನೆ ಬಿದ್ಕೊಂಡಾದ್ರೂ ಇರು, ಆ ಗಂಟೇಲಿ ಕೇರ್ ಪ್ಲಾನ್ ಮುಟ್ಬೇಡ. ರಾತ್ರಿ ಊಟ ಆದ್ಮೇಲೆ ಕಾಫಿ ಬೇಡ, ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ಎರಡು ಗಂಟೆಗೆ ಮಲಗೋಳು ನಾಳೆಯಿಂದ ಹತ್ತೂವರೆಗೆ ಅಂದ್ರೆ ನಿದ್ದೆ ಬರಲ್ಲ, ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧ ಗಂಟೆ ಹಿಂದಕ್ಕೆ ತಗೊಂಡು ಬಾ. ಮೊದಲ ವಾರ ಕೈ ತಾನಾಗೇ ದಿಂಬಿನ ಕೆಳಗೆ ಹುಡುಕತ್ತೆ, ಹುಡುಕ್ಲಿ.

ಓದೋ ರೀತೀನೂ ಸ್ವಲ್ಪ ಬದಲಾಯಿಸು. ಅದೇ ಚಾಪ್ಟರ್ ನಾಲ್ಕು ಸಲ ಓದಿದ್ರೆ ಬಂದುಬಿಟ್ಟಿದೆ ಅನ್ಸತ್ತೆ, ವೈವಾದಲ್ಲಿ ಹೋಗತ್ತೆ. 2006ರಲ್ಲಿ ರೋಡಿಗರ್, ಕಾರ್ಪಿಕ್ ಅನ್ನೋ ಇಬ್ಬರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಂದ ಬರೆದು ನೋಡಿದವರು ಮುಂದೆ ಬಂದ್ರು. ಹಾಗಾಗಿ ವಾರ್ಡಲ್ಲಿ ಅವತ್ತು ಕೊಟ್ಟ ನಾಲ್ಕೈದು ಔಷಧ ತಗೊಂಡು, ಡ್ರಗ್ ಬುಕ್ ಮುಚ್ಚಿ, ಯಾಕೆ ಕೊಡ್ತಾರೆ, ಕೊಟ್ಮೇಲೆ ಏನು ಗಮನಿಸ್ಬೇಕು ಅಂತ ಬರೀ, ತಪ್ಪಿದ್ದು ತೆಗೆದು ನೋಡು, ಆಮೇಲೆ ಫೋನ್ ಕಡೆ ಹೋಗ್ದೆ ಮಲಗು.

ಫೋನ್ ದೂರ ಇಟ್ಟು ಎರಡು ಮೂರು ವಾರ ಆದ್ರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಸುಮ್ಸುಮ್ನೆ ಅಳು ಬರತ್ತೆ ಅಂತಾದ್ರೆ ಅದು ಫೋನಿನ ವಿಷಯ ಅಲ್ಲ. ಡಾಕ್ಟರ್ ಹತ್ರ ಹೋಗು, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಹಗಲು ರಾತ್ರಿ ಇರತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ನರ್ಸಿಂಗ್ ಓದೋರು ಸಹಾಯ ಕೇಳೋಕೆ ನಾಚ್ಕೋಬಾರ್ದು.

ಪಾಠ ಮಾಡೋ ಮೇಡಂಗಳು ಸರ್‌ಗಳು ಇದನ್ನ ಓದ್ತಿದ್ರೆ ಒಂದು ಮಾತು. ನಾಳಿನ ರೋಸ್ಟರ್ ರಾತ್ರಿ ಹನ್ನೊಂದಕ್ಕೆ ಗ್ರೂಪಿಗೆ ಹಾಕ್ಬೇಡಿ, ಸಂಜೆ ಆರರ ಒಳಗೆ ಹಾಕಿ. ಮೆಸೇಜ್ ಬರ್ಬಹುದು ಅಂತ ಮಕ್ಕಳು ಫೋನ್ ಹಿಡ್ಕೊಂಡು ಕೂತಿರ್ತಾರೆ, ಕೂತಮೇಲೆ ಉಳಿದಿದ್ದೆಲ್ಲ ಶುರುವಾಗತ್ತೆ. ಬೆಳಗ್ಗೆ ಆರಕ್ಕೆ ಎದ್ದ ಹುಡುಗೀರ ನಿದ್ದೆ ನಿಮ್ಮ ಕೈಲೂ ಇದೆ.

ನೈಟ್ ಪೋಸ್ಟಿಂಗ್ ಬಗ್ಗೆ ಹೇಳ್ಬೇಕು. ಅವತ್ತು ಬೆಳಗ್ಗೆ ಆರಕ್ಕೆ ಎದ್ದು ಹಾಗೇ ರಾತ್ರಿ ಡ್ಯೂಟಿಗೆ ಹೋದ್ರೆ ಹನ್ನೊಂದಕ್ಕೆ 17 ಗಂಟೆ ಎಚ್ಚರ ಇದ್ದಂಗಾಯ್ತು. ಅಷ್ಟೊತ್ತು ಎದ್ದಿರೋರ ಕೈ ಕಣ್ಣು ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರೋರ ಥರ ಆಗಿರತ್ತೆ ಅಂತ 1997ರಲ್ಲೇ ಅಳೆದು ತೋರ್ಸಿದಾರೆ, ನಮ್ಮಲ್ಲಿ ಗಾಡಿ ಓಡಿಸೋಕೆ ಇರೋ ಮಿತಿ 0.03. ಅದಕ್ಕೆ ಮಧ್ಯಾಹ್ನ ಕಿಟಕಿ ಮುಚ್ಚಿ ಒಂದೂವರೆ ಗಂಟೆ ಆದ್ರೂ ಮಲಗಿ ಹೋಗು. ಮೂರರಿಂದ ಐದರ ಜಾವದಲ್ಲಿ ಮೈ ಬಿಸಿ ಇಳಿದಿರತ್ತೆ, ಎಂಥಾ ಹುಷಾರಿರೋರಿಗೂ ಮಂಕು ಕವಿಯೋ ಹೊತ್ತದು. ಆ ಹೊತ್ತಲ್ಲಿ ಇನ್ಸುಲಿನ್ನೋ ಪೊಟ್ಯಾಸಿಯಮ್ಮೋ ಕೊಡೋದಿದ್ರೆ ಒಬ್ಳೇ ಮಾಡ್ಬೇಡ, ಸಿಸ್ಟರ್ ಒಂದ್ಸಲ ನೋಡಿ ಅಂತ ತೋರಿಸಿಯೇ ಮುಂದೆ ಹೋಗು, ಅವರು ನಿದ್ದೆಗಣ್ಣಲ್ಲಿ ರೇಗಿದ್ರೂ ಪರ್ವಾಗಿಲ್ಲ. ಬೆಳಗ್ಗೆ ಬಂದೋಳು ತಿಂಡಿ ತಿಂದು ಮಲಗು, ಫೋನ್ ಎದ್ಮೇಲೆ ನೋಡಿದ್ರಾಯ್ತು. ಇಂಟರ್ನಲ್ಸ್ ಪರೀಕ್ಷೆ ಮುಗಿದ್ಮೇಲೆ ಹೇಗಾಯ್ತು ಅಂತ ಬರೀ.