ಮೂಗು ಚುಚ್ಚಿಸಿ 18 ದಿನ, ಮುಂದಿನ ತಿಂಗಳೇ ಭರತನಾಟ್ಯ: ಗುಳ್ಳೆಗೆ ಏನು ಮಾಡೋದು?

ನಿಮ್ಮ ಪ್ರಶ್ನೆ ಓದಿದೆ. ಮಗಳ ಮೂಗು ಚುಚ್ಚಿಸಿ 18 ದಿನ ಆಗಿದೆ, ಮೂಗುಬೊಟ್ಟಿನ ಪಕ್ಕದಲ್ಲೇ ಕೆಂಪು ಗುಳ್ಳೆ ಎದ್ದಿದೆ. ಚುಚ್ಚಿದವರು ದಿನಾ ತಿರುಗಿಸಿ ಅಂದಿದ್ದಾರೆ, ಅತ್ತೆಯವರು ಅರಿಶಿನ ಎಣ್ಣೆ ಹಚ್ಚಿ ಅಂತಿದ್ದಾರೆ. ಮುಂದಿನ ತಿಂಗಳು ಕಾರ್ಯಕ್ರಮ ಬೇರೆ.

ತಿರುಗಿಸೋದನ್ನು ಇವತ್ತೇ ನಿಲ್ಲಿಸಿ. ತೂತಿನ ಎರಡೂ ಬಾಯಿಂದ ಹೊಸ ಚರ್ಮ ಒಳಮುಖವಾಗಿ ಬೆಳೀತಾ ಬರುತ್ತದೆ. ತಿರುಗಿಸಿದಾಗೆಲ್ಲ ಅದು ಹರಿಯುತ್ತದೆ, ಹೊರಗೆ ಒಣಗಿದ ಹಕ್ಕಳೆಯೂ ಒಳಗೆ ಹೋಗುತ್ತದೆ. ಅಂಟಿಕೊಂಡುಬಿಡುತ್ತೆ ಅನ್ನೋ ಭಯ ಬೇಡ. ಅಂಟಿದ ಹಾಗೆ ಕಾಣೋದು ಗಾಯದಿಂದ ಒಸರಿ ಒಣಗಿದ ನೀರು, ಅಷ್ಟೆ. ಬಿಳಿ ಅಥವಾ ತಿಳಿ ಹಳದಿ ಇದ್ದರೆ ಅದು ಮಾಮೂಲು.

ತೊಳೆಯೋದಕ್ಕೆ ಮೆಡಿಕಲ್ ಶಾಪ್‌ನಲ್ಲಿ ನಾರ್ಮಲ್ ಸಲೈನ್ ಕೇಳಿ, 0.9% ಅಂತ ಬರೆದಿರುತ್ತದೆ. ಚಿಕ್ಕ ಬಾಟಲ್ ಸಾಕು. ತೆರೆದ ಮೇಲೆ ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ, ಅಂದರೆ ಸುಮಾರು 240 ಎಂಎಲ್‌ಗೆ, ಕಾಲು ಟೀ ಚಮಚ ಉಪ್ಪು. ಜಾಸ್ತಿ ಹಾಕಿದರೆ ಚರ್ಮ ಒಣಗಿ ಬಿರಿಯುತ್ತದೆ. ಮೊದಲು ಕೈ ಸೋಪು ಹಾಕಿ ತೊಳೆದುಕೊಳ್ಳಿ. ಗಾಜ್ ಬಟ್ಟೆ ನೆನೆಸಿ ಎರಡು ಮೂರು ನಿಮಿಷ ಮೆತ್ತಗೆ ಇಟ್ಟುಕೊಳ್ಳಲಿ. ಹಕ್ಕಳೆ ತಾನಾಗಿ ಮೆತ್ತಗಾಗಿ ಬರುತ್ತದೆ. ಹತ್ತಿ ಬೇಡ, ಎಳೆ ತಿರುಪಿಗೆ ಸುತ್ತಿಕೊಳ್ಳುತ್ತದೆ. ಮೂಗಿನ ಒಳಗಡೆ ತಿರುಪಿನ ಸುತ್ತಲೂ ಹೀಗೇ ಒರೆಸಿ, ಅಲ್ಲೇ ಕೊಳೆ ನಿಲ್ಲೋದು. ದಿನಕ್ಕೆ ಎರಡೇ ಸಲ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ, ಬೆಳೀತಿರೋ ಚರ್ಮವನ್ನೇ ಸುಡುತ್ತವೆ.

ಅರಿಶಿನದ ವಿಷಯ. ನಮ್ಮಮ್ಮನೂ ನನಗೆ ಅದನ್ನೇ ಹಚ್ಚಿದ್ದರು. ಆದರೆ ಅಡುಗೆಮನೆಯ ಅರಿಶಿನದ ಪುಡಿಯಲ್ಲಿ ಕ್ರಿಮಿ ಇರೋದಿಲ್ಲ ಅಂತ ಹೇಳೋಕಾಗಲ್ಲ. ಎಣ್ಣೆ ಜೊತೆ ಕಲಸಿ ಹಚ್ಚಿದರೆ ತೂತಿನ ಬಾಯಿ ಮುಚ್ಚಿಕೊಳ್ಳುತ್ತದೆ, ಒಸರೋ ನೀರಿಗೆ ದಾರಿ ಇರೋದಿಲ್ಲ. ಅತ್ತೆಯವರಿಗೆ ಬೇಜಾರು ಮಾಡಬೇಡಿ, ಉಪ್ಪುನೀರು ಹಾಕೋ ಕೆಲಸ ಅವರ ಕೈಗೇ ಕೊಡಿ.

ಇನ್ನು ಕಾರ್ಯಕ್ರಮ. ದಯವಿಟ್ಟು ಈ ಹೊಸ ತೂತಿಗೆ ನತ್ತು ಹಾಕಬೇಡಿ. ನಾನು ಚುಚ್ಚಿಸಿ ಐದು ವಾರಕ್ಕೆ ಮೂಗುಬೊಟ್ಟು ಬಿಚ್ಚಿ ನತ್ತು ಹಾಕಿಕೊಂಡು ಕುಣಿದೆ. ಕೊನೆಯ ನೃತ್ಯ ತಿಲ್ಲಾನ ಬರುವಷ್ಟರಲ್ಲಿ ಬೆವರು ಇಳಿದು ಉರಿಯುತ್ತಿತ್ತು. ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿದೆ, ಎಣ್ಣೆಯ ಜೊತೆ ಬಣ್ಣವೂ ತೂತಿಗೆ ಸೇರಿತು. ನಾಲ್ಕನೇ ದಿನ ಹೊಳ್ಳೆ ಊದಿತ್ತು. ನೋವಿಗೆ ಮೂಗಲ್ಲಿ ಏನೂ ಹಾಕದೆ ಬಿಟ್ಟೆ, ತೂತು ಮುಚ್ಚಿಹೋಯಿತು. ಮರುವರ್ಷ ಮತ್ತೆ ಚುಚ್ಚಿಸಿಕೊಂಡೆ. ನಿಮ್ಮ ಮಗಳಿಗೆ ಅದು ಬೇಡ. ನತ್ತು ಇನ್ನೊಂದು ಹೊಳ್ಳೆಗೆ ಒತ್ತುವ ಥರದ್ದು ಹಾಕಿ, ಬುಲಾಕೂ ಒತ್ತುವುದೇ ಸಿಗುತ್ತದೆ. ಚುಚ್ಚಿದ ಕಡೆ ಈಗಿರುವ ಮೂಗುಬೊಟ್ಟೇ ಇರಲಿ. ಅದರ ಸುತ್ತ ಕಡಲೆಕಾಳಿನಷ್ಟು ಜಾಗಕ್ಕೆ ಬಣ್ಣ ಹಚ್ಚದೆ ಬಿಡಿ. ಬಣ್ಣ ತೆಗೆಯುವಾಗ ಮೂಗಿನಿಂದ ಕೆನ್ನೆ ಕಡೆಗೆ ಒರೆಸಿ, ಕೊನೆಗೆ ಸಲೈನ್. ಮುಖಕ್ಕೆ ಟರ್ಕಿ ಟವಲ್ ಬೇಡ, ಅದರ ನೂಲಿಗೆ ಮೂಗುಬೊಟ್ಟು ಸಿಕ್ಕಿ ಎಳೆದರೆ ಕಣ್ಣಲ್ಲಿ ನೀರು ಬರುತ್ತೆ. ಟಿಶ್ಯೂನಲ್ಲಿ ಒತ್ತಿಕೊಂಡರೆ ಸಾಕು. ಗುರುಗಳಿಗೂ ಈಗಲೇ ಹೇಳಿಬಿಡಿ.

ಹೊರಗಿನಿಂದ ತಿಂಗಳೆರಡು ತಿಂಗಳಿಗೆ ವಾಸಿಯಾದ ಹಾಗೆ ಕಾಣುತ್ತದೆ, ಒಳಗೆ ಗಟ್ಟಿಯಾಗೋದಕ್ಕೆ 4ರಿಂದ 6 ತಿಂಗಳು ಬೇಕು. ಏಳು ಕಲ್ಲಿನ ಬೇಸರಿ ಹಾಕೋ ಆಸೆ ಇದ್ದರೆ ಅಲ್ಲಿವರೆಗೆ ಕಾಯಿರಿ.

ಗುಳ್ಳೆ ನೋಡಿ ಕೆಲಾಯ್ಡ್, ಅಂದರೆ ಗಾಯದ ಕಲೆ ಗಂಟಿನ ಹಾಗೆ ದಪ್ಪ ಬೆಳೆಯೋದು, ಅಂತ ಹೆದರಬೇಡಿ. ಕೆಲಾಯ್ಡ್ ಸಾಮಾನ್ಯವಾಗಿ ತಿಂಗಳುಗಳ ಮೇಲೆ ಬರುತ್ತದೆ, ಗಾಯ ದಾಟಿ ಹರಡುತ್ತದೆ. ಇಷ್ಟು ಬೇಗ ಎದ್ದಿರೋದು ಬಹುಮಟ್ಟಿಗೆ ಮುಟ್ಟಿ ಮುಟ್ಟಿ ಆದ ಕಿರಿಕಿರಿಯ ಗುಳ್ಳೆ. ಹಿಂಡಬೇಡಿ. ಆರ್ಟಿಫಿಷಿಯಲ್ ಮೂಗುಬೊಟ್ಟು ಹಾಕಿದ್ದರೆ ಅದರ ಲೋಹದಲ್ಲಿರೋ ನಿಕಲ್‌ಗೂ ಹೀಗೆ ತುರಿಕೆ, ನೀರು ಬರುತ್ತದೆ. ಆಗ ಅಕ್ಕಸಾಲಿಗರಲ್ಲೋ ಡಾಕ್ಟರ ಹತ್ತಿರವೋ ಚಿನ್ನದ್ದಕ್ಕೆ ಬದಲಾಯಿಸಿ, ಮನೆಯಲ್ಲಿ ಬಿಚ್ಚಬೇಡಿ.

ಹಸಿರು ಅಥವಾ ಗಟ್ಟಿ ಹಳದಿ ಕೀವು, ಕೆಂಪು ಹರಡೋದು, ಮುಟ್ಟಿದರೆ ಬಿಸಿ, ಜ್ವರ, ಇಲ್ಲವೇ ಮೂಗುಬೊಟ್ಟು ಚರ್ಮದೊಳಗೆ ಹೂತುಹೋಗೋದು, ಇದರಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರಿಗೆ ತೋರಿಸಿ. ಅಂಥ ಹೊತ್ತಲ್ಲಿ ನೀವೇ ಬಿಚ್ಚಿದರೆ ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ಧನುರ್ವಾಯು ಬರದಂತೆ ಕೊಡೋ ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಅಲ್ಲೇ ಕೇಳಿ.

ಇವತ್ತು ಹಗಲು ಬೆಳಕಲ್ಲಿ ಗುಳ್ಳೆಯ ಫೋಟೋ ತೆಗೆದಿಡಿ, ವಾರ ಬಿಟ್ಟು ಅದೇ ಕಿಟಕಿ ಹತ್ತಿರ ಇನ್ನೊಂದು. ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ಇಲ್ಲಿಗೂ ಹಾಕಿ, ನೋಡ್ತೀನಿ.