ಬೆಂಗಳೂರಿನ ತಾರಸಿಯಲ್ಲಿ ಏರಿಯೋಕಾರ್ಪಸ್ ಸುಕ್ಕುಗಟ್ಟುತ್ತಿದೆ, ನೀರು ಹೆಚ್ಚಿಸಬೇಕೇ?

ನರ್ಸರಿಯಿಂದ ತಂದ ಏರಿಯೋಕಾರ್ಪಸ್ ಫಿಸುರಾಟಸ್ ಎಂಬ ಪಾಪಾಸುಕಳ್ಳಿ ಎಳ್ಳಷ್ಟೂ ಬೆಳೆದಿಲ್ಲ, ಈಗ ಬೇಸಿಗೆಯಲ್ಲಿ ಸುಕ್ಕುಗಟ್ಟಿ ಮಣ್ಣಿನೊಳಕ್ಕೆ ಇಳಿಯುತ್ತಿದೆ, ದಿನವೂ ನೀರು ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಗಿಡವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದಕ್ಕೆ ಬಾಯಾರಿದೆಯಷ್ಟೇ, ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇರು ಕೊಳೆಯುತ್ತಿದೆ.

ಈ ಪಾಪಾಸುಕಳ್ಳಿಯ ತವರು ಟೆಕ್ಸಾಸ್‌ನ ಬಿಗ್ ಬೆಂಡ್ ಪ್ರದೇಶ ಮತ್ತು ಉತ್ತರ ಮೆಕ್ಸಿಕೊವನ್ನು ಒಳಗೊಂಡ ಚಿಹುವಾಹುವಾ ಮರುಭೂಮಿಯ ಸುಣ್ಣಕಲ್ಲಿನ ನೆಲ. ಮುಳ್ಳಿಲ್ಲದ ಈ ಗಿಡ ಮೂಲಂಗಿಯಂತಹ ದಪ್ಪ ತಾಯಿಬೇರಿನಲ್ಲಿ ನೀರನ್ನು ಕೂಡಿಟ್ಟುಕೊಂಡು, ಬರಗಾಲದಲ್ಲಿ ನೆಲಮಟ್ಟಕ್ಕೆ ಕುಗ್ಗಿ, ಧೂಳು ಮುಚ್ಚಿಕೊಂಡು ಕಲ್ಲಿನ ನಡುವೆ ಕಲ್ಲಾಗಿ ಉಳಿಯುತ್ತದೆ. ನಿಮಗೆ ಕಾಯಿಲೆಯಂತೆ ಕಂಡದ್ದು ಅದರ ಸಹಜ ಗುಣವೇ ಆಗಿರಬಹುದು.

ಬೆಂಗಳೂರಿನ ಬಿಸಿಲು ಇದಕ್ಕೆ ಲೆಕ್ಕಕ್ಕಿಲ್ಲ, ತೊಂದರೆಯೆಲ್ಲ ಮಳೆಯದು. ಇಲ್ಲಿ ವರ್ಷಕ್ಕೆ 900 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲೂ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅಂದರೆ ಗಿಡ ಗುಲಾಬಿ ಬಣ್ಣದ ಹೂವಿಗೆ ಅಣಿಯಾಗುವ ಹೊತ್ತಿನಲ್ಲೇ, ಜೋರು ಹೆಚ್ಚು. ಆದ್ದರಿಂದ ಮೇಲೆ ಪಾರದರ್ಶಕ ಪಾಲಿಕಾರ್ಬನೇಟ್ ಶೀಟು ಹೊದಿಸಿ, ಗಾಳಿಯಾಡಲು ಪಕ್ಕಗಳನ್ನು ತೆರೆದಿಡಿ. ಮಾರ್ಚ್‌ನಿಂದ ಮುಂಗಾರಿನವರೆಗೆ ಕುಂಡದ ಮಣ್ಣು ತಳದವರೆಗೂ ಒಣಗಿದ ಮೇಲೆ, ಕೆಳಗಿನ ತೂತಿನಿಂದ ನೀರು ಹರಿಯುವಷ್ಟು ಹಾಕಿ. ಮೋಡ ಕವಿದ ವಾರಗಳಲ್ಲಿ ಹಾಕಲೇಬೇಡಿ. ಡಿಸೆಂಬರ್ ಮತ್ತು ಜನವರಿಯಲ್ಲಿ ಬಹುತೇಕ ನಿಲ್ಲಿಸಿ. ಬೋರ್‌ವೆಲ್ಲಿನ ಗಡಸು ನೀರಿಗೆ ಹೆದರಬೇಕಿಲ್ಲ, ಸುಣ್ಣದ ನೆಲದ ಗಿಡವಲ್ಲವೇ. ನಡುವಿನ ಉಣ್ಣೆಯಂತಹ ಭಾಗದ ಮೇಲೆ ಬಿಳಿ ಕಲೆ ಕೂರದಂತೆ ಅಂಚಿನಿಂದ ಸುರಿದರೆ ಸಾಕು.

ನಮ್ಮ ಕೆಂಪು ಮಣ್ಣು ಜಿಗುಟಾಗಿ ನೀರನ್ನು ಹಿಡಿದಿಡುವುದರಿಂದ ಅದನ್ನು ಹಾಗೆಯೇ ಬಳಸಬಾರದು. ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಜರಡಿ ಹಿಡಿದ ಇಟ್ಟಿಗೆ ಚೂರು ಮೂರು ಪಾಲು, ಮಣ್ಣು ಒಂದು ಪಾಲು ಬೆರೆಸಿ, ಬೇರು ಉದ್ದವಿರುವುದರಿಂದ ಆಳವಾದ ಮಣ್ಣಿನ ಕುಂಡದಲ್ಲಿ ನೆಡಿ. ನರ್ಸರಿಗಳು ತುಂಬಿ ಕೊಡುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಈ ಗಿಡಕ್ಕೆ ತೀರಾ ಹೊಂದದು. ಕುಂಡ ಬದಲಿಸುವಾಗ ಬೇರಿನಲ್ಲಿ ಹತ್ತಿಯಂತಹ ಬಿಳಿ ಅಂಟು ಕಂಡರೆ ಅದು ಹಿಟ್ಟು ತಿಗಣೆ ಎಂಬ ಕೀಟದ ಕಾಟ. ಬೇರನ್ನು ತೊಳೆದು, ನೆರಳಿನಲ್ಲಿ ಒಂದು ವಾರ ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಡಿ.

ಬೆಳವಣಿಗೆಯ ವಿಷಯದಲ್ಲಿ ಆತುರ ಬೇಡ. ಬೀಜದಿಂದ ಬಂದ ಗಿಡ ಹೂ ಬಿಡಲು ಹಲವು ವರ್ಷಗಳೇ ಬೇಕು. ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟಿದವು ಬೇಗ ದಪ್ಪವಾಗುತ್ತವೆ, ಆದರೆ ನೆಲಕ್ಕೆ ಅಂಟಿದ ಅದರ ಚಪ್ಪಟೆ ರೂಪ ಕೆಡುವುದರಿಂದ ನನಗೆ ಅವು ಹಿಡಿಸುವುದಿಲ್ಲ. ಇನ್ನೊಂದು ಕೊಳ್ಳುವುದಾದರೆ ಬೀಜದಿಂದ ಬೆಳೆಸಿದ್ದೇ ಎಂದು ವಿಚಾರಿಸಿಕೊಳ್ಳಿ, ಏಕೆಂದರೆ ಏರಿಯೋಕಾರ್ಪಸ್ ಕುಲದ ಎಲ್ಲ ಜಾತಿಗಳೂ ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಒಂದನೆಯ ಅನುಬಂಧದಲ್ಲಿವೆ ಮತ್ತು ಕಾಡಿನಿಂದ ಕಿತ್ತ ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅದರಲ್ಲಿ ನಿಷೇಧವಿದೆ.